ಮಧ್ಯಾಹ್ನದ ಗಣಿತಕ್ಕೆ ಮಕ್ಕಳು ತೂಕಡಿಸುತ್ತಾರೆ, ಏನು ಮಾಡಲಿ?

ರೋಣದ ಟೀಚರ್: ನಾಲ್ಕನೇ ತರಗತಿ. ತಗಡಿನ ಚಾವಣಿ, ಮಾರ್ಚ್ ಬಿಸಿಲು. ಬಿಸಿಯೂಟ ಆದ ಮೇಲೆ ಭಾಗಾಕಾರ ಶುರು ಮಾಡಿದರೆ ಅರ್ಧಕ್ಕರ್ಧ ಮಕ್ಕಳು ತೂಕಡಿಸುತ್ತಾರೆ. ಒಬ್ಬ ಹುಡುಗ ಬಾಯಿಲೆಕ್ಕದಲ್ಲಿ ಭಾರೀ ಚುರುಕು. ಆದರೆ ಬೋರ್ಡಿನ ಮೇಲಿನ 38 ಅವನ ಪಾಟಿಯಲ್ಲಿ 33 ಆಗಿರುತ್ತದೆ. ದಡ್ಡ ಅಂದರೆ ನಾನಂತೂ ಒಪ್ಪಲ್ಲ. ಎಲ್ಲಿಂದ ಶುರು ಮಾಡಲಿ?

ಹಾವೇರಿ ಮಾಸ್ತರ: ಅಕ್ಕೋರೇ, ಅವನನ್ನು ಮುಂದಿನ ಸಾಲಿಗೆ ಕೂರಿಸಿ ನೋಡಿ. ಅಲ್ಲಿ ಸರಿ ಬರೆದರೆ ಕಣ್ಣಿನ ಮೇಲೆಯೇ ಅನುಮಾನ. ತಾಲೂಕು ಆಸ್ಪತ್ರೆಯಲ್ಲಿ ತೋರಿಸಲು ಮನೆಯವರಿಗೆ ಹೇಳಿ. ದೂರದ್ದು ಮಸುಕು ಅಂತ ಮಕ್ಕಳು ತಾವಾಗಿ ಹೇಳಲ್ಲ. ಎಲ್ಲರಿಗೂ ಹಾಗೇ ಕಾಣುತ್ತದೆ ಅಂದುಕೊಂಡಿರುತ್ತಾರೆ, ಪಾಪ.

ಹುಬ್ಬಳ್ಳಿ ನರ್ಸ್: ಎಲ್ಲವನ್ನೂ ಬಿಸಿಲಿನ ತಲೆಗೆ ಕಟ್ಟಬೇಡಿ. ರಕ್ತಹೀನತೆ ಇದ್ದರೂ ಮಕ್ಕಳು ಹೀಗೇ ಸುಸ್ತಾಗಿರುತ್ತಾರೆ. ಐದನೇ ತರಗತಿವರೆಗೆ ವಾರಕ್ಕೊಂದು ಗುಲಾಬಿ ಮಾತ್ರೆ ಇದೆಯಲ್ವಾ, 45 ಮಿಲಿಗ್ರಾಂ ಕಬ್ಬಿಣದ್ದು? ಊಟದ ನಂತರ ನಿಮ್ಮೆದುರೇ ನುಂಗಿಸಿ. ಕೂಡಲೇ ಚಹಾ ಬೇಡ, ಕಬ್ಬಿಣ ಮೈಗೆ ಹತ್ತಲ್ಲ. ಜಂತುಹುಳದ ಮಾತ್ರೆಯನ್ನೂ ತಪ್ಪಿಸಬೇಡಿ. ಬೆಳಿಗ್ಗೆ ಬರೀ ಚಹಾ ಕುಡಿದು ಬರುವವರು ಯಾರ್ಯಾರು ಅಂತ ಸುಮ್ನೆ ಒಮ್ಮೆ ಕೇಳಿ.

ಹಾವೇರಿ ಮಾಸ್ತರ: ಇನ್ನೊಂದು ಮಾತು. ತಪ್ಪಾದರೆ ಎಲ್ಲರೆದುರು ನಿಲ್ಲಿಸಬೇಡಿ. ಹೆದರಿದ ಹುಡುಗನಿಗೆ ಬರುವ ಮಗ್ಗಿಯೂ ಮರೆತುಹೋಗುತ್ತದೆ.

ರೋಣದ ಟೀಚರ್: ಮುಂದೆ ಕೂರಿಸಿದೆ ಸರ್, 38 ಸರಿಯಾಗಿಯೇ ಬಂತು! ಅವರಪ್ಪ ಸಂತೆ ದಿನ ಆಸ್ಪತ್ರೆಗೆ ಕರೆದೊಯ್ಯುತ್ತಾರಂತೆ. ಗಣಿತವನ್ನು ಬೆಳಗಿನ ಮೊದಲ ಅವಧಿಗೆ ಹಾಕಿಕೊಂಡೆ. ಮಧ್ಯಾಹ್ನ ಹೊರಗೆ ಬೇವಿನ ಮರದ ಕೆಳಗೆ ಕಥೆ ಓದಿಸುತ್ತೇನೆ. ಹೆಡ್‌ಮಾಸ್ತರು ಸ್ವಲ್ಪ ಗೊಣಗಿದರು, ಅಷ್ಟೇ.