ತೂಕ ತಲೆ ಮೇಲೆ ಎತ್ಲಿ, ಕತ್ತಿನ ಹಿಂದಿಂದ ಬೇಡ

ಚಿಕ್ಕಪ್ಪ, ಈಗ ತಾನೆ ಕ್ಲಿನಿಕ್ಕಿಂದ ಬಂದೆ, ನಿಮ್ಮ ಮೆಸೇಜ್ ನೋಡ್ದೆ. ಪುಟ್ಟು ಜಿಮ್ಮಲ್ಲಿ ತೂಕ ಹಾಕಿರೋ ಬಾರ್ ತಲೆ ಮೇಲೆ ಎತ್ತಾನೆ, ಕಬಡ್ಡಿ ಆಡೋರು ಹಂಗೆ ಎತ್ತಿದ್ರೆ ಭುಜ ಸಡ್ಲ ಆಗತ್ತೆ ಅಂತ ಅಜ್ಜಿ ಹೇಳ್ತಾರೆ, ಬಿಡಿಸ್ಲಾ ಅಂತ ಕೇಳಿದೀರಲ್ಲ, ಬಿಡಿಸ್ಬೇಡಿ. ಆದ್ರೆ ನೀವು ಹಾಕಿರೋ ವಿಡಿಯೋದಲ್ಲಿ ಬಾರ್‌ನ ಕತ್ತಿನ ಹಿಂದಕ್ಕೆ ಇಳಿಸ್ತಿದಾನೆ, ಅದನ್ನ ಮಾತ್ರ ಇವತ್ತೇ ನಿಲ್ಸೋಕೆ ಹೇಳಿ.

ಯಾಕೆ ಅಂದ್ರೆ ಭುಜದ ಕೀಲಲ್ಲಿ ತೋಳಿನ ಮೂಳೆ ತುದೀಲಿರೋ ಗುಂಡು ದೊಡ್ಡದು, ಅದು ಕೂರೋ ಗುಳಿ ಆಳಾನೇ ಇಲ್ಲ, ತಟ್ಟೆ ಥರ, ಅದನ್ನ ಹಿಡ್ಕೊಂಡಿರೋದೆಲ್ಲ ಸುತ್ತ ಇರೋ ಸ್ನಾಯು ಮತ್ತೆ ಲಿಗಮೆಂಟು, ಅಂದ್ರೆ ಮೂಳೆಗೆ ಮೂಳೆ ಕಟ್ಟಿರೋ ಪಟ್ಟಿ. ಬಾಲ್ ಎಸೆಯೋಕೆ ಕೈ ಹಿಂದಕ್ಕೆ ತಗೋತೀವಲ್ಲ, ಆ ಸ್ಥಿತೀಲಿ ಗುಂಡು ಮುಂದಕ್ಕೆ ಜಾರೋಕೆ ನೋಡತ್ತೆ. ಚೈನ್ ಹಾಕಿರೋ ಡಿಫೆಂಡರ್ ಪಕ್ಕದವನ ಕೈ ಬಿಟ್ಟಿರಲ್ಲ, ರೈಡರ್ ಮಧ್ಯೆ ನುಗ್ತಾನೆ, ಕೈ ಹಿಂದಕ್ಕೆ ಎಳ್ಕೊಂಡು ಹೋಗತ್ತೆ, ಭುಜ ಕಳಚೋದು ಹಂಗೆ. ಕತ್ತಿನ ಹಿಂದೆ ಬಾರ್ ಇಳಿಸಿದ್ರೂ ಹೆಚ್ಚುಕಮ್ಮಿ ಅದೇ ಸ್ಥಿತಿ, ಮೇಲೆ ತೂಕ ಬೇರೆ.

ಹಾಗಂತ ಕೈ ಮೇಲೆ ಎತ್ತೋದೇ ಬೇಡ ಅಂದ್ರೆ ಅದು ಇನ್ನೂ ತಪ್ಪು ಚಿಕ್ಕಪ್ಪ. ಪುಟ್ಟು ರೈಡರ್ರು. ಮೂರು ಜನ ಬೆನ್ನ ಮೇಲೆ ಬಿದ್ದಿರ್ತಾರೆ, ಮಿಡ್‌ಲೈನ್ ಇನ್ನೊಂದು ಗೇಣು ಇರತ್ತೆ, ಇವನು ಹೊಟ್ಟೆ ಮೇಲೆ ಬಿದ್ಕೊಂಡೇ ಕೈ ಚಾಚ್ತಾನೆ, ಆಗ ಕೈ ತಲೆಗಿಂತ ಮೇಲೇ ತಾನೆ ಇರೋದು? ಆ ಜಾಗದಲ್ಲಿ ಬಲ ಇಲ್ದಿದ್ರೆ ಭುಜ ಹೆಂಗೆ ತಡ್ಕೊಳತ್ತೆ. ಕೈ ಪೂರ್ತಿ ಮೇಲೆ ಹೋಗೋ ಸುಮಾರು 180 ಡಿಗ್ರೀಲಿ 120 ಕೀಲಿಂದ ಬಂದ್ರೆ 60 ಬೆನ್ನಲ್ಲಿ ರೆಕ್ಕೆ ಥರ ಇರೋ ಮೂಳೆ ತಿರುಗೋದ್ರಿಂದ ಬರತ್ತೆ. ಬೆಂಚ್ ಮೇಲೆ ಮಲಗಿ ಎತ್ತೋ ಬೆಂಚ್ ಪ್ರೆಸ್ಸಲ್ಲಿ ಆ ಮೂಳೆ ಬೆಂಚಿಗೆ ಒತ್ಕೊಂಡು ಸುಮ್ನಿರತ್ತೆ, ನಮ್ಮ ಹುಡುಗ್ರು ಬರೀ ಬೆಂಚು, ದಂಡ ಹೊಡೆದು ಎದೆ ಬೆಳೆಸ್ತಾರೆ, ಭುಜ ಮುಂದಕ್ಕೆ ಬಾಗಿರತ್ತೆ, ಕೈ ನೆಟ್ಟಗೆ ಮೇಲೆ ಹೋಗಲ್ಲ.

ಕುಂದಾಪುರದ ಕಡೆಯ ವೇಟ್‌ಲಿಫ್ಟರ್ ಗುರುರಾಜ್ ಪೂಜಾರಿ 2018ರ ಕಾಮನ್‌ವೆಲ್ತಲ್ಲಿ ಎರಡು ಲಿಫ್ಟ್ ಸೇರಿ 249 ಕೆಜಿ ಎತ್ತಿ ಬೆಳ್ಳಿ ತಂದ್ರಲ್ಲ, ಎತ್ತಿದ್ರೆ ಭುಜ ಸಡ್ಲ ಆಗೋದಾದ್ರೆ ಅವ್ರಿಗೆ ಆಗ್ಬೇಕಿತ್ತು ಅಂತ ಅಜ್ಜಿಗೆ ಹೇಳಿ. ಆದ್ರೆ ಅದನ್ನ ನೋಡಿ ಪುಟ್ಟು ಸ್ನ್ಯಾಚ್, ಅಂದ್ರೆ ಬಾರ್‌ನ ನೆಲದಿಂದ ಒಂದೇ ಏಟಿಗೆ ತಲೆ ಮೇಲೆ ಎತ್ತೋದು, ಶುರು ಮಾಡೋದು ಬೇಡ, ಅದು ವರ್ಷಗಟ್ಲೆ ಕಲಿಯೋ ವಿದ್ಯೆ. ಡಂಬೆಲ್ ತಗೊಳ್ಳಲಿ, ಅಂಗೈ ಎದುರುಬದುರು, ಮೊಣಕೈ ಪಕ್ಕಕ್ಕಲ್ಲ ಸ್ವಲ್ಪ ಮುಂದಕ್ಕೆ, ಸೊಂಟ ಬಿಲ್ಲಾಗದೆ ಎಂಟು ಸಲ ಎತ್ತೋಕಾಗೋ ತೂಕ ಸಾಕು. ಮ್ಯಾಚ್ ಹಿಂದಿನ ದಿನ ಬೇಡ.

ನನಗೆ ಭಯ ಇರೋದು ಒಂದೇ. ಹಿಂದೆ ಯಾವಾಗಾದ್ರೂ ಭುಜ ಜಾರಿ ತಾನೇ ಕೂತ್ಕೊಂಡಿತ್ತಾ ಅಂತ ಅವನನ್ನ ಒಬ್ಬನೇ ಇರೋವಾಗ ಸಮಾಧಾನವಾಗಿ ಕೇಳಿ, ಟೀಮಿಂದ ತೆಗೀತಾರೆ ಅಂತ ಹುಡುಗ್ರು ಮನೇಲಿ ಬಾಯೇ ಬಿಡಲ್ಲ. ಆ ವಯಸ್ಸಲ್ಲಿ ಒಂದ್ಸಲ ಜಾರಿದ್ದು ಮತ್ತೆ ಮತ್ತೆ ಜಾರೋದು ಜಾಸ್ತಿ, ಹಂಗೇನಾದ್ರೂ ಆಗಿದ್ರೆ ಮೂಳೆ ಡಾಕ್ಟ್ರ ಹತ್ರ ತೋರಿಸೋ ತನಕ ಎತ್ತೋದೂ ಬೇಡ, ಮ್ಯಾಟ್‌ಗೆ ಇಳಿಯೋದೂ ಬೇಡ.

ಭಾನುವಾರ ಹೇಗೂ ಊಟಕ್ಕೆ ಬರ್ತೀರಲ್ಲ, ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ ಕೈ ಎತ್ತಿಸ್ತೀನಿ, ಸೊಂಟ ಗೋಡೆ ಬಿಡದೆ ಹೆಬ್ಬೆಟ್ಟು ಮೇಲೆ ಗೋಡೆಗೆ ತಾಗತ್ತಾ ನೋಡೋಣ. ತೋಳಿಲ್ಲದ ಬನಿಯನ್ ಹಾಕ್ಕೊಂಡು ಬರೋಕೆ ಹೇಳಿ, ಆ ರೆಕ್ಕೆ ಮೂಳೆ ತಿರುಗೋದು ನನಗೆ ಕಾಣ್ಬೇಕು.