ಪಿಎಸ್‌ಎ 1.7, ಯಾರ ಪುಣ್ಯ?

ನಿನ್ನೆ ರಾತ್ರಿ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ನಡೆದದ್ದು. ಡೊಂಬಿವಲಿ ಮಾವ ಸಿಹಿಕುಂಬಳ ಬೀಜ ಪ್ರಾಸ್ಟೇಟಿಗೆ ಒಳ್ಳೆಯದು ಅನ್ನುವ ಫಾರ್ವರ್ಡ್ ಒಂದು ಹಾಕಿದರು, ಅದರ ಕೆಳಗೆ ತಮ್ಮ ಪಿಎಸ್‌ಎ ರಿಪೋರ್ಟಿನ ಫೋಟೊ. ಪ್ರಾಸ್ಟೇಟ್ ಅಂದರೆ ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ, ಪಿಎಸ್‌ಎ ಅಂದರೆ ಅದರಿಂದ ರಕ್ತಕ್ಕೆ ಸೇರುವ ಒಂದು ಪ್ರೋಟೀನಿನ ಅಳತೆ. ನಾನು ಪುಣೆಯ ಮೆಡಿಕಲ್ ಅಂಗಡಿಯಲ್ಲಿ ಫಾರ್ಮಸಿಸ್ಟ್. ಬಾಯಿ ಮುಚ್ಚಿ ಕೂರಲು ಆಗಲಿಲ್ಲ.

ಡೊಂಬಿವಲಿ ಮಾವ: ಹೋದ ವರ್ಷ ಪಿಎಸ್‌ಎ 3.4. ಈ ಸಲ 1.7. ಎರಡು ತಿಂಗಳಿಂದ ದಿನಾ ಒಂದು ಮುಷ್ಟಿ ಬೀಜ, ಅಷ್ಟೇ. ಪ್ರಾಸ್ಟೇಟ್ ಅರ್ಧ ಆಯ್ತು! ಗಂಡಸರೆಲ್ಲ ಓದಿ.

ಠಾಣೆ ಭಾವ: ಸೂಪರ್ ಮಾವ. ನಾನೂ ನಾಳೆಯಿಂದ ಶುರು.

ನಾನು: ಮಾವ, ಒಂದು ವರ್ಷದಿಂದ ಪ್ರಾಸ್ಟೇಟಿನ ಮಾತ್ರೆ ಫಿನಾಸ್ಟರೈಡ್ ನುಂಗ್ತಾ ಇದ್ದೀರಲ್ಲ, ಪಿಎಸ್‌ಎ ಇಳಿಸಿದ್ದು ಅದು. ಆರು ತಿಂಗಳು, ವರ್ಷ ನುಂಗಿದವರಿಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಡಾಕ್ಟರು ಎರಡರಿಂದ ಗುಣಿಸಿ ಓದುವುದು. ನಿಮ್ಮ 1.7 ಅವರ ಲೆಕ್ಕದಲ್ಲಿ ಅದೇ 3.4. ಪಿಎಸ್‌ಎ ಅರ್ಧ ಆದರೆ ಗ್ರಂಥಿ ಅರ್ಧ ಆಯ್ತು ಅಂತಲೂ ಅಲ್ಲ.

ಡೊಂಬಿವಲಿ ಮಾವ: ಅದನ್ನು ಬಿಟ್ಟು ಮೂರು ವಾರ ಆಯ್ತು. ನುಂಗಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಇನ್ನೊಂದು ಉಂಟಲ್ಲ, ಟ್ಯಾಮ್ಸುಲೋಸಿನ್, ಅದು ಮಾತ್ರೆ ಅಂದ್ರೆ! ಮೊದಲು ಮಾಟುಂಗಾಕ್ಕೆ ಮೈಸೂರು ಅಸೋಸಿಯೇಶನ್ನಿಗೆ ಹೊರಟರೆ ಠಾಣೆಯಲ್ಲೇ ಇಳಿದು ಶೌಚಾಲಯ ಹುಡುಕಬೇಕಿತ್ತು. ಲೋಕಲ್ ರೈಲಿನಲ್ಲಿ ಎಲ್ಲಿ ಉಂಟು ಆ ವ್ಯವಸ್ಥೆ? ಈಗ ದಾದರ್ ತನಕ ಕೂತಲ್ಲೇ.

ಡೊಂಬಿವಲಿ ಅತ್ತೆ: ಕೂತಲ್ಲೇ ಅಂತೆ. ರಾತ್ರಿ ಮೂರು ಸಲ ಬಾತ್‌ರೂಮಿನ ಲೈಟ್ ಹಾಕುವುದು ಮತ್ಯಾರು, ನಾನಾ?

ನಾನು: ಎರಡು ಮಾತ್ರೆಗೂ ಬೇರೆ ಬೇರೆ ಕೆಲಸ ಮಾವ. ಟ್ಯಾಮ್ಸುಲೋಸಿನ್ ಮೂತ್ರಕೋಶದ ಬಾಯಿಯ ಹತ್ತಿರದ ಸ್ನಾಯು ಸಡಿಲ ಮಾಡ್ತದೆ, ಕೆಲವೇ ದಿನದಲ್ಲಿ ಹಾಯೆನಿಸ್ತದೆ. ಗ್ರಂಥಿ ಅದರಿಂದ ಕುಗ್ಗುವುದಿಲ್ಲ. ಕುಗ್ಗಿಸುವುದು ಫಿನಾಸ್ಟರೈಡ್, ಅದೂ ತಿಂಗಳುಗಟ್ಟಲೆ ನುಂಗಿದ ಮೇಲೆ. ಬಿಟ್ಟರೆ ಮತ್ತೆ ಊದಿಕೊಳ್ತದೆ. ಅದರ ಉಪಕಾರ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ, ಯಾಕಂದ್ರೆ ಒಂದು ರಾತ್ರಿ ಪೂರ್ತಿ ಮೂತ್ರ ಕಟ್ಟಿಹೋಗಿ, ಹೊಟ್ಟೆ ಕಲ್ಲಾಗಿ, ಕ್ಯಾಥೆಟರ್ ಹಾಕಿಸಿಕೊಳ್ಳುವ ಪರಿಸ್ಥಿತಿಯನ್ನು ದೂರ ಇಡುವುದು ಅದು. 1998ರಲ್ಲಿ ಬಂದ ಅಧ್ಯಯನದಲ್ಲಿ 3,040 ಗಂಡಸರನ್ನು 4 ವರ್ಷ ನೋಡಿದ್ದಾರೆ. ಔಷಧವೇ ಇಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ 100ಕ್ಕೆ 10 ಜನಕ್ಕೆ ಆಪರೇಷನ್ ಆಯ್ತು, ಫಿನಾಸ್ಟರೈಡ್‌ನವರಲ್ಲಿ 5. ಮೂತ್ರ ಕಟ್ಟಿದ್ದು ಹುಸಿ ಮಾತ್ರೆಯವರಲ್ಲಿ 100ಕ್ಕೆ 7 ಜನಕ್ಕೆ, ಫಿನಾಸ್ಟರೈಡ್‌ನವರಲ್ಲಿ 3.

ಠಾಣೆ ಭಾವ: ಅಂದ್ರೆ ಏನೂ ನುಂಗದಿದ್ದರೂ 100ರಲ್ಲಿ 90 ಜನ ಆಪರೇಷನ್ ಇಲ್ಲದೆ ಪಾರು! ಇದನ್ನು ನೀನೇ ಹೇಳಿದ್ದು.

ನಾನು: ಹೇಳಿದ್ದು ಹೌದು ಭಾವ. ಎಲ್ಲರಿಗೂ ಬೇಕಾದ ಮಾತ್ರೆ ಅಲ್ಲ ಅದು. ಗ್ರಂಥಿ ಸಣ್ಣದಿದ್ದರೆ ಪ್ರಯೋಜನ ಕಡಿಮೆ, ತೊಂದರೆ ಅಷ್ಟಿಲ್ಲದವರು ಸುಮ್ಮನೆ ಕಾಯಬಹುದು. ಆದರೆ ಮಾವನ ಗ್ರಂಥಿ ದೊಡ್ಡದೇ, ಸ್ಕ್ಯಾನ್‌ನಲ್ಲಿ 62 ಗ್ರಾಂ ಇತ್ತು, ಈ ಗ್ರೂಪಿಗೇ ಹಾಕಿದ್ದರು. ಬಿಡುವುದೇ ಆದರೆ ಡಾಕ್ಟರ ಹತ್ತಿರ ಮಾತಾಡಿ ಬಿಡಲಿ. ಅಡ್ಡಪರಿಣಾಮವೂ ಉಂಟು, ಅದನ್ನು ಇಲ್ಲಿ ಬರೆಯುವುದಿಲ್ಲ.

ಡೊಂಬಿವಲಿ ಮಾವ: ಈ ಸಂದೇಶವನ್ನು ಅಳಿಸಲಾಗಿದೆ.

(ಅಳಿಸುವ ಮೊದಲು ನಾನು ಓದಿಯಾಗಿತ್ತು. ಬಿಟ್ಟದ್ದಕ್ಕೆ ನಿಜವಾದ ಕಾರಣ ಅದೇ ಇರಬೇಕು. ಪಾಪ, ಬೀಜದ ಮೇಲೆ ಹಾಕಿದ್ದಾರೆ.)

ನಾನು: ಮಾವ, ಅದನ್ನೂ ಡಾಕ್ಟರಿಗೇ ಹೇಳಿ, ಅವರು ದಿನಾ ಕೇಳುವ ಮಾತು. ಬೀಜ ತಿನ್ನಿ, ಬೇಡ ಅನ್ನುವುದಿಲ್ಲ. ಅದಿರಲಿ, ಬರುವ ವಾರ ಕಣ್ಣಿನ ಪೊರೆ ಆಪರೇಷನ್ ಅಲ್ವಾ? ಟ್ಯಾಮ್ಸುಲೋಸಿನ್ ವಿಷಯ ಕಣ್ಣಿನ ಡಾಕ್ಟರಿಗೆ ಹೇಳಿದ್ರಾ?

ಡೊಂಬಿವಲಿ ಮಾವ: ಮೇಲಿನ ಕಣ್ಣಿಗೂ ಕೆಳಗಿನ ನಲ್ಲಿಗೂ ಎಂತ ಸಂಬಂಧ ಮಾರಾಯ್ತಿ?

ನಾನು: ಉಂಟು. ಆ ಮಾತ್ರೆ ಕಣ್ಣಿನ ಪಾಪೆ ಅರಳಿಸುವ ಸ್ನಾಯುವನ್ನೂ ಸಡಿಲ ಮಾಡ್ತದೆ. ಆಪರೇಷನ್ ಹೊತ್ತಿಗೆ ಪಾಪೆ ಸರಿಯಾಗಿ ಅರಳದಿರಬಹುದು. ಮೊದಲೇ ಗೊತ್ತಿದ್ದರೆ ಡಾಕ್ಟರು ತಯಾರಾಗಿ ಇರ್ತಾರೆ. ಹಿಂದೆ ನುಂಗಿ ಬಿಟ್ಟಿದ್ದರೂ ಹೇಳಬೇಕು.

ಡೊಂಬಿವಲಿ ಅತ್ತೆ: ಎರಡೂ ಸ್ಟ್ರಿಪ್ ಕಣ್ಣಿನ ಫೈಲಿಗೆ ಹಾಕಿದೆ. ಫಿನಾಸ್ಟರೈಡ್‌ನಲ್ಲಿ ಇನ್ನೂ ಒಂಬತ್ತು ಬಾಕಿ ಉಂಟು.

ಠಾಣೆ ಭಾವ: ಅದೆಲ್ಲ ಸರಿ. ಬೀಜ ಕಿಲೋಗೆ ಎಷ್ಟು ಮಾವ?