ಎಣ್ಣೆ ಇಲ್ಲದ ಚಿಲ್ಲರ್: ಕರೆಂಟ್ ಹೋದರೆ ಶಾಫ್ಟ್ ಬೀಳುತ್ತದಾ?

ಪ್ರಶ್ನೆ (ವೈಟ್‌ಫೀಲ್ಡ್, ಬಿಲ್ಡಿಂಗ್ ಮೇಂಟೆನೆನ್ಸ್):
ಮೇಡಂ, ನಮ್ಮ ಟೆಕ್ ಪಾರ್ಕಿನಲ್ಲಿ ಹಳೆ ಸ್ಕ್ರೂ ಚಿಲ್ಲರ್ (ಎಸಿಗೆ ನೀರು ತಂಪು ಮಾಡೋ ಮಷೀನ್) ತೆಗೆದು ಮ್ಯಾಗ್ನೆಟಿಕ್ ಬೇರಿಂಗ್ ಇರುವ ಸೆಂಟ್ರಿಫ್ಯೂಗಲ್ ಚಿಲ್ಲರ್ ಹಾಕಿದ್ದಾರೆ. ಆಯಿಲ್ ಇಲ್ಲ, ಆಯಿಲ್ ಫಿಲ್ಟರ್ ಇಲ್ಲ, ಕಂಪ್ರೆಸರ್ ಶಾಫ್ಟ್ ಎಲ್ಲೂ ತಾಗದೆ ತಿರುಗುತ್ತದೆ ಅಂದರು. ಅಯಸ್ಕಾಂತ ಕೆಳಗಿನಿಂದ ತಳ್ಳಿ ಎತ್ತಿ ಹಿಡಿದಿರುತ್ತದೆ ಅಂದುಕೊಂಡಿದ್ದೇನೆ, ಸರಿನಾ? ನಮ್ಮ ಏರಿಯಾದಲ್ಲಿ ಕರೆಂಟ್ ಹೋಗೋದು ಹೊಸದೇನಲ್ಲ. ಡಿಜಿ (ಡೀಸೆಲ್ ಜನರೇಟರ್) ಲೋಡ್ ತಗೊಳ್ಳುವವರೆಗೆ ಶಾಫ್ಟ್ ಗತಿ ಏನು?

ಉತ್ತರ (ರೊಟೇಟಿಂಗ್ ಎಕ್ವಿಪ್‌ಮೆಂಟ್ ಇಂಜಿನಿಯರ್, ಪೀಣ್ಯ):
ತಳ್ಳೋದಿಲ್ಲ, ಎಳೆಯುತ್ತದೆ. ಶಾಫ್ಟ್ ಸುತ್ತ ಎಲೆಕ್ಟ್ರೋಮ್ಯಾಗ್ನೆಟ್‌ಗಳಿವೆ, ನೋಡೋಕೆ ಮೋಟಾರ್ ಸ್ಟೇಟರ್ ತರಹವೇ: ತೆಳು ಸ್ಟೀಲ್ ಸ್ಟಾಂಪಿಂಗ್‌ಗಳು, ಮೇಲೆ ಕಾಯಿಲ್. ಮೇಲಿನದು ಮೇಲಕ್ಕೆ ಎಳೆಯುತ್ತದೆ, ಕೆಳಗಿನದು ಕೆಳಕ್ಕೆ. ಶಾಫ್ಟ್ ನಡುವೆ ನಿಂತಿರುತ್ತದೆ. ಕೆಲವು ಚಿಲ್ಲರ್‌ಗಳಲ್ಲಿ ಜೊತೆಗೆ ಪರ್ಮನೆಂಟ್ ಮ್ಯಾಗ್ನೆಟ್ ಕೂಡ ಇರುತ್ತದೆ.

ತೊಂದರೆ ಏನಪ್ಪಾ ಅಂದರೆ ಇದು ತಾನಾಗಿ ನಿಲ್ಲೋ ವ್ಯವಸ್ಥೆ ಅಲ್ಲ. ಶಾಫ್ಟ್ ಒಂದು ಕಡೆಗೆ ಸ್ವಲ್ಪ ಸರಿದರೂ ಆ ಕಡೆಯ ಎಳೆತ ಜಾಸ್ತಿಯಾಗುತ್ತದೆ. ಕಾಯಿಲ್ ಕರೆಂಟ್ ಅಷ್ಟೇ ಇದ್ದು ಗ್ಯಾಪ್ ಅರ್ಧ ಆದರೆ ಎಳೆತ ಸುಮಾರು ನಾಲ್ಕು ಪಟ್ಟು, ಅಂದರೆ ಬಿಟ್ಟರೆ ಹೋಗಿ ಅಂಟಿಕೊಳ್ಳೋದೇ. ಬರೀ ಪರ್ಮನೆಂಟ್ ಮ್ಯಾಗ್ನೆಟ್ ಜೋಡಿಸಿ ಇದನ್ನು ಬಗೆಹರಿಸೋಕೆ ಆಗಲ್ಲ ಅಂತ ಅರ್ನ್‌ಶಾ ಅನ್ನೋ ಇಂಗ್ಲಿಷ್ ಗಣಿತಜ್ಞ 1842ರಲ್ಲೇ ಗಣಿತದಿಂದ ತೋರಿಸಿದ್ದ. ಅದಕ್ಕೇ ಪಕ್ಕದಲ್ಲಿ ಪೊಸಿಷನ್ ಸೆನ್ಸರ್ ಇಡುತ್ತಾರೆ. ಶಾಫ್ಟ್ ಎಲ್ಲಿದೆ ಅಂತ ಕಂಟ್ರೋಲರ್ ಸೆಕೆಂಡಿಗೆ 10,000 ಸಲದ ಲೆಕ್ಕದಲ್ಲಿ ನೋಡಿ, ಕೆಳಗೆ ಜಾರಿದರೆ ಮೇಲಿನ ಕಾಯಿಲ್‌ಗೆ ಕರೆಂಟ್ ಏರಿಸಿ ಕೆಳಗಿನದಕ್ಕೆ ಇಳಿಸುತ್ತದೆ. ಮುಂದಿನ ಬೇರಿಂಗ್‌ನಲ್ಲಿ ಎರಡು ದಿಕ್ಕು, ಹಿಂದಿನದರಲ್ಲಿ ಎರಡು, ಉದ್ದಕ್ಕೆ ಜಾರದಂತೆ ಥ್ರಸ್ಟ್ ಡಿಸ್ಕ್ ಹಿಡಿಯೋಕೆ ಒಂದು. ಒಟ್ಟು ಐದು.

ಕಾಮೆಂಟ್:
ಅಂಗೈ ಮೇಲೆ ಪೊರಕೆ ನೆಟ್ಟಗೆ ನಿಲ್ಲಿಸೋ ಆಟ ಅನ್ನಿ 😄

ಉತ್ತರ:
ಅದೇ! ಕೈ ನಿಲ್ಲಿಸಿದರೆ ಪೊರಕೆ ಬಿತ್ತು.

ಈಗ ಕರೆಂಟ್ ವಿಷಯ. ಮೇನ್ಸ್ ಹೋದ ತಕ್ಷಣ ಶಾಫ್ಟ್ ಬೀಳಲ್ಲ. ಇಂಥ ಚಿಲ್ಲರ್ ಕಂಪ್ರೆಸರ್‌ಗಳಲ್ಲಿ ತಿರುಗ್ತಾ ಇರೋ ಮೋಟಾರೇ ಜನರೇಟರ್ ಆಗಿ ಡಿಸಿ ಬಸ್‌ಗೆ (ಡ್ರೈವ್ ಒಳಗಿನ ಡಿಸಿ ಸಪ್ಲೈ ಲೈನ್, ಬೇರಿಂಗ್‌ಗೂ ಇಲ್ಲಿಂದಲೇ ಕರೆಂಟ್) ಪವರ್ ಕೊಡುತ್ತದೆ. ವೇಗ ಸಾಕಷ್ಟು ಇಳಿಯೋವರೆಗೆ ಬೇರಿಂಗ್ ಜೀವಂತ. ಗ್ಯಾಸ್ ಪೈಪ್‌ಲೈನ್ ಕಂಪ್ರೆಸರ್‌ನಂಥ ದೊಡ್ಡ ಮಷೀನ್‌ಗಳಲ್ಲಿ ಕಂಟ್ರೋಲ್ ಪ್ಯಾನೆಲ್‌ಗೆ ಬ್ಯಾಟರಿ ಬ್ಯಾಕಪ್ ಇಟ್ಟಿರುತ್ತಾರೆ. ಡಿಜಿ ನಂಬಿಕೊಂಡು ಯಾರೂ ಡಿಸೈನ್ ಮಾಡಲ್ಲ. ನಿಮ್ಮ ಡಿಜಿ ಎದ್ದು ಲೋಡ್ ತಗೊಳ್ಳೋದು ಚಿಲ್ಲರ್ ಮತ್ತೆ ಸ್ಟಾರ್ಟ್ ಆಗೋಕೆ ಮಾತ್ರ.

ಪ್ರಶ್ನೆ:
ಅದೂ ಕೈಕೊಟ್ಟರೆ? ಕಂಟ್ರೋಲರ್ ಕಾರ್ಡೇ ಹೋದರೆ?

ಉತ್ತರ:
ಆಗ ಟಚ್‌ಡೌನ್ ಬೇರಿಂಗ್, ಅಂದರೆ ಬಿದ್ದ ಶಾಫ್ಟನ್ನು ಹಿಡಿಯೋ ಬ್ಯಾಕಪ್ ಬೇರಿಂಗ್. ಮ್ಯಾಗ್ನೆಟ್ ಮತ್ತು ಶಾಫ್ಟ್ ನಡುವೆ ಮಾಮೂಲಿಯಾಗಿ ಅರ್ಧ ಮಿಲಿಮೀಟರ್ ಆಸುಪಾಸು ಗ್ಯಾಪ್, ಟಚ್‌ಡೌನ್ ಬೇರಿಂಗ್‌ಗೆ ಅದರ ಅರ್ಧ. ಹಾಗಾಗಿ ಶಾಫ್ಟ್ ಮೊದಲು ತಾಗೋದು ಇದಕ್ಕೇ, ಕಾಯಿಲ್‌ಗಳು ಉಳಿಯುತ್ತವೆ. ಬಹಳಷ್ಟು ಕಡೆ ಇದು ಬಾಲ್ ಬೇರಿಂಗೇ, ಸೆರಾಮಿಕ್ ಗುಂಡು ಹಾಕಿರುತ್ತಾರೆ, ಗುಂಡುಗಳನ್ನು ದೂರ ದೂರ ಹಿಡಿಯೋ ಕೇಜ್ ಇರೋದಿಲ್ಲ. ದಿನವಿಡೀ ಸುಮ್ನೆ ನಿಂತಿರುತ್ತದೆ. ಸಾವಿರಾರು ಆರ್‌ಪಿಎಂನಲ್ಲಿರೋ ಶಾಫ್ಟ್ ಬಂದು ಬಿದ್ದಾಗ ಒಳಗಿನ ರೇಸ್ (ಬೇರಿಂಗ್‌ನ ಒಳ ಉಂಗುರ) ಕಣ್ಣು ಮಿಟುಕಿಸೋದ್ರೊಳಗೆ ಆ ವೇಗ ಹಿಡಿಯಬೇಕು, ಅಲ್ಲಿ ಗುಂಡು ಜಾರಿ ಉಜ್ಜಿ ಸವೆಯೋದು. ಪೂರ್ತಿ ವೇಗದಲ್ಲಿ ಬೀಳೋದನ್ನು ಇದು ಕೆಲವೇ ಸಲ ತಡೆದುಕೊಳ್ಳುತ್ತದೆ. ಸೇಲ್ಸ್‌ನವರು 'ಬೇರಿಂಗ್ ಸವೆಯೋದೇ ಇಲ್ಲ' ಅಂತಾರಲ್ಲ, ಈ ಒಂದು ಬೇರಿಂಗ್ ಹೆಸರೇ ಎತ್ತಲ್ಲ.

ಪ್ರಶ್ನೆ (ಇನ್ನೊಬ್ಬರು, ಬೊಮ್ಮಸಂದ್ರ):
ಇಷ್ಟು ಚೆನ್ನಾಗಿದ್ದರೆ ಎಲ್ಲ ಟರ್ಬೈನ್‌ಗೂ ಯಾಕೆ ಹಾಕಲ್ಲ ಮೇಡಂ?

ಉತ್ತರ:
ಕಬ್ಬಿಣಕ್ಕೆ ಮಿತಿ ಇದೆ ಸಾರ್. ಒಂದು ಹಂತದ ಮೇಲೆ ಸ್ಟೀಲ್ ಸ್ಯಾಚುರೇಟ್ ಆಗುತ್ತದೆ, ಆಮೇಲೆ ಎಷ್ಟು ಕರೆಂಟ್ ಕೊಟ್ಟರೂ ಎಳೆತ ಏರೋದು ಅಷ್ಟಕ್ಕಷ್ಟೇ. ಅದೇ ಸೈಜಿನ ಆಯಿಲ್ ಬೇರಿಂಗ್ ಇದರ ಹಲವು ಪಟ್ಟು ಭಾರ ಹೊರುತ್ತದೆ. ಪವರ್ ಸ್ಟೇಷನ್ನಿನ ಭಾರಿ ಸ್ಟೀಮ್ ಟರ್ಬೈನ್‌ಗೆ ಆಯಿಲ್ ಬೇರಿಂಗೇ ಸರಿ. ವೇಗ ಜಾಸ್ತಿ, ಭಾರ ಕಡಿಮೆ, ಗ್ಯಾಸ್‌ಗೆ ಎಣ್ಣೆ ಸೇರಬಾರದು ಅನ್ನೋ ಕಡೆ ಇದು ರಾಜ. ಚಿಲ್ಲರ್‌ನಲ್ಲಂತೂ ಎಣ್ಣೆ ರೆಫ್ರಿಜರೆಂಟ್ ಜೊತೆ ಹೋಗಿ ಟ್ಯೂಬ್‌ಗೆ ಅಂಟಿ ಶಾಖ ತಡೆಯೋ ಕಾಟವೇ ತಪ್ಪುತ್ತದೆ. ಇನ್ನೊಂದು, ನನಗೆ ತುಂಬಾ ಇಷ್ಟವಾದದ್ದು: ವೈಬ್ರೇಷನ್ ನೋಡೋಕೆ ಬೇರೆ ಪ್ರೋಬ್ ಬೇಡ, ಬೇರಿಂಗ್ ಸೆನ್ಸರೇ ಸಾಕು. ಇಂಪೆಲ್ಲರ್ (ಗ್ಯಾಸ್ ತಳ್ಳೋ ಚಕ್ರ) ಮೇಲೆ ಕೊಳೆ ಕೂತು ಬ್ಯಾಲೆನ್ಸ್ ತಪ್ಪಿದರೂ ಸ್ಕ್ರೀನ್ ಮೇಲೆ ಕಾಣುತ್ತದೆ.

ಪ್ರಶ್ನೆ (ವೈಟ್‌ಫೀಲ್ಡ್):
ಕೊನೆಯದಾಗಿ ಮೇಡಂ. ಎಎಂಸಿಯವರು (ವಾರ್ಷಿಕ ಮೇಂಟೆನೆನ್ಸ್ ಕಾಂಟ್ರ್ಯಾಕ್ಟ್‌ನವರು) ಬಂದು 'ಟಚ್‌ಡೌನ್ ಬೇರಿಂಗ್ ಬದಲಿಸಬೇಕು' ಅಂತ ದೊಡ್ಡ ಕೊಟೇಷನ್ ಕೊಟ್ಟಿದ್ದಾರೆ. ನಂಬೋದಾ?

ಉತ್ತರ:
ಮೊದಲು ಫಾಲ್ಟ್ ಲಾಗ್ ಕೇಳಿ. ತಿರುಗುತ್ತಾ ಇರುವಾಗ ಶಾಫ್ಟ್ ಬಿದ್ದಿದ್ದರೆ ಅಲ್ಲಿ ಸಿಗಬೇಕು. ಆಮೇಲೆ ನಿಮ್ಮೆದುರೇ ಕ್ಲಿಯರೆನ್ಸ್ ಚೆಕ್ ಮಾಡಿಸಿ. ಮಷೀನ್ ನಿಂತಿರುವಾಗ ಕಂಟ್ರೋಲರ್ ಶಾಫ್ಟನ್ನು ಮೇಲೆ, ಕೆಳಗೆ, ಅಕ್ಕಪಕ್ಕ ತಾಗುವವರೆಗೆ ಎಳೆದು ಎಷ್ಟು ಜಾಗ ಇದೆ ಅಂತ ಅಳೆಯುತ್ತದೆ, ಏನೂ ಬಿಚ್ಚಬೇಕಾಗಿಲ್ಲ. ಕಮಿಷನಿಂಗ್ ರಿಪೋರ್ಟಿನ (ಮಷೀನ್ ಮೊದಲು ಚಾಲೂ ಮಾಡಿದಾಗ ಕೊಟ್ಟದ್ದು) ಅಂಕಿಯನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಿ. ಜಾಗ ಹಿಗ್ಗಿದ್ದರೆ ಸವೆದಿದೆ, ಬದಲಿಸಿ. ಲಾಗ್ ಕ್ಲೀನ್ ಇದ್ದು ಅಂಕಿಯೂ ಹಾಗೇ ಇದ್ದರೆ ಕೊಟೇಷನ್ ವಾಪಸ್ ಕಳಿಸಿ, ಆ ದುಡ್ಡಲ್ಲಿ ಡಿಸಿ ಬಸ್ ಕೆಪಾಸಿಟರ್‌ಗಳ ವಯಸ್ಸು ಎಷ್ಟಾಯ್ತು ಅಂತ ಚೆಕ್ ಮಾಡಿಸಿ. ಕರೆಂಟ್ ಹೋದಾಗ ನಿಮ್ಮ ಶಾಫ್ಟ್ ನಿಂತಿರೋದು ಅವುಗಳ ಮೇಲೂ ಹೌದು.